ವೈಫೈ ಗುರುತು ಇದೆ, ನೆಟ್ ಇಲ್ಲ: ಲ್ಯಾಪ್‌ಟಾಪ್‌ನ ತೊಂದರೆಯನ್ನು ಪತ್ತೆಹಚ್ಚಿ ಸರಿಪಡಿಸುವ ಬಗೆ

ಲ್ಯಾಪ್‌ಟಾಪ್‌ನಲ್ಲಿ ವೈಫೈ ಕೈಕೊಟ್ಟಾಗ ಹೆಚ್ಚಿನವರು ಕಂಡದ್ದನ್ನೆಲ್ಲ ಒತ್ತಿ ನೋಡುತ್ತಾರೆ. ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ, ಪಾಸ್‌ವರ್ಡ್ ಬದಲಿಸುತ್ತಾರೆ, ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರಾದ ಡ್ರೈವರ್ ಕಿತ್ತುಹಾಕುತ್ತಾರೆ, ಎಲ್ಲವೂ ಒಟ್ಟೊಟ್ಟಿಗೆ. ಹೀಗೆ ಮಾಡಿ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ, ವಾರ ಕಳೆದು ಮತ್ತೆ ಕೆಟ್ಟರೆ ಮೊದಲಿನಿಂದ ಅದೇ ಪರದಾಟ. ಒಂದು ವೆಬ್ ಪುಟ ತೆರೆದುಕೊಳ್ಳಬೇಕಾದರೆ ಲ್ಯಾಪ್‌ಟಾಪ್ ಒಳಗಿನ ವೈಫೈ ಕಾರ್ಡ್, ಅದರ ಡ್ರೈವರ್, ನಡುವಿನ ರೇಡಿಯೊ ಅಲೆ, ರೂಟರ್ ಕೊಡುವ ಐಪಿ ವಿಳಾಸ (ಜಾಲದಲ್ಲಿ ಲ್ಯಾಪ್‌ಟಾಪ್‌ನ ಗುರುತಿನ ಸಂಖ್ಯೆ), ವೆಬ್‌ಸೈಟಿನ ಹೆಸರನ್ನು ಅಂಥ ಸಂಖ್ಯೆಗೆ ಬದಲಿಸಿ ಕೊಡುವ ಡಿಎನ್‌ಎಸ್, ಕೊನೆಗೆ ರೂಟರ್‌ಗೆ ಹೊರಗಿನಿಂದ ಬರುವ ಲೈನ್ ಇಷ್ಟೂ ಸರಿಯಿರಬೇಕು. ಇವುಗಳಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ತಿಳಿದ ಮೇಲೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರೀಕ್ಷಿಸಿ, ಮುಂದಕ್ಕೆ ಹೋಗಿ.

ಇಲ್ಲಿನ ಹಂತಗಳು ಹೆಚ್ಚಾಗಿ ವಿಂಡೋಸ್ 10 ಮತ್ತು 11ಕ್ಕೆ ಸೇರಿದವು. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಬೇರೆ ಇರುವ ಕಡೆ ಹೇಳಿದ್ದೇವೆ. ಕನ್ನಡದಲ್ಲಿ ಬರೆದಿರುವ ಆಜ್ಞೆಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ತಪ್ಪು ಯಾರದು? ಮೊದಲ ಐದು ನಿಮಿಷ

ಅದೇ ವೈಫೈಗೆ ಒಂದು ಫೋನ್ ಸೇರಿಸಿ, ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಯಾವುದಾದರೂ ಹೊಸ ಪುಟ ತೆರೆದು ನೋಡಿ. ಡೇಟಾ ಆಫ್ ಮಾಡುವುದನ್ನು ಮರೆತರೆ ಈ ಪರೀಕ್ಷೆಗೆ ಅರ್ಥವಿಲ್ಲ, ಏಕೆಂದರೆ ವೈಫೈನಲ್ಲಿ ನೆಟ್ ಇಲ್ಲದಿದ್ದರೆ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹೊರಳಿಕೊಳ್ಳುತ್ತದೆ. ಫೋನಿನಲ್ಲೂ ನೆಟ್ ಇಲ್ಲವಾದರೆ ಲ್ಯಾಪ್‌ಟಾಪ್‌ನದು ತಪ್ಪಲ್ಲ. ರೂಟರ್‌ನ ಪ್ಲಗ್ ತೆಗೆದು ಅರ್ಧ ನಿಮಿಷ ಬಿಟ್ಟು ಹಾಕಿ, ದೀಪಗಳೆಲ್ಲ ನೆಲೆಗೊಳ್ಳಲು ಎರಡು ಮೂರು ನಿಮಿಷ ಕಾಯಿರಿ. ಆಗಲೂ ಬರದಿದ್ದರೆ ಲೈನ್ ಕೊಟ್ಟವರಿಗೆ ದೂರು ಕೊಡುವುದೇ ದಾರಿ.

ಫೋನಿನಲ್ಲಿ ನೆಟ್ ಬಂದರೆ ಈಗ ತಿರುಗಿಸಿ ನೋಡಿ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಅಲ್ಲಿ ಚೆನ್ನಾಗಿ ಓಡಿದರೆ ಕಾರ್ಡ್, ಡ್ರೈವರ್ ಎರಡೂ ಬಹುಮಟ್ಟಿಗೆ ಸರಿಯಿವೆ ಎಂದಾಯಿತು. ತಕರಾರು ಇರುವುದು ಈ ಲ್ಯಾಪ್‌ಟಾಪ್ ಮತ್ತು ಆ ರೂಟರ್‌ನ ನಡುವೆ ಮಾತ್ರ. ಹಾಟ್‌ಸ್ಪಾಟ್‌ನಲ್ಲೂ ಅದೇ ಹಾಡಾದರೆ ಲ್ಯಾಪ್‌ಟಾಪ್ ಒಳಗೇ ಹುಡುಕಬೇಕು.

ವೈಫೈಗೆ ಸೇರಿಕೊಂಡಿದೆ, ಆದರೆ ಪುಟ ತೆರೆಯುತ್ತಿಲ್ಲ ಎಂದಾದರೆ ಮೂರು ಪಿಂಗ್ (ping) ಸಾಕು. ಪಿಂಗ್ ಎಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುವ ಆಜ್ಞೆ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು "ಐಪಿಕಾನ್ಫಿಗ್" (ipconfig) ಎಂದು ಟೈಪ್ ಮಾಡಿ. ವೈಫೈ ಭಾಗದಲ್ಲಿ "ಡಿಫಾಲ್ಟ್ ಗೇಟ್‌ವೇ" ಎದುರಿಗಿರುವ ಸಂಖ್ಯೆ ನಿಮ್ಮ ರೂಟರ್‌ನ ವಿಳಾಸ. ಅದು 192.168.1.1 ಅಥವಾ 192.168.0.1 ಎಂಬಂತೆ ಇರುತ್ತದೆ. ಈಗ ಕ್ರಮವಾಗಿ:

1. ಪಿಂಗ್ 192.168.1.1 (ನಿಮ್ಮ ಗೇಟ್‌ವೇ ಸಂಖ್ಯೆ ಹಾಕಿ). ಉತ್ತರ ಬರದಿದ್ದರೆ ಲ್ಯಾಪ್‌ಟಾಪ್ ಮತ್ತು ರೂಟರ್ ನಡುವೆ ತೊಂದರೆ.
2. ಪಿಂಗ್ 8.8.8.8. ಮೊದಲನೆಯದಕ್ಕೆ ಉತ್ತರ ಬಂದು ಇದಕ್ಕೆ ಬರದಿದ್ದರೆ ರೂಟರ್‌ನಿಂದ ಆಚೆಗೆ ತೊಂದರೆ.
3. ಯಾವುದಾದರೂ ದೊಡ್ಡ ವೆಬ್‌ಸೈಟಿನ ಹೆಸರಿಗೆ ಪಿಂಗ್. ಮೊದಲೆರಡಕ್ಕೂ ಉತ್ತರ ಬಂದು ಇಲ್ಲಿ ಹೆಸರೇ ಸಿಗುತ್ತಿಲ್ಲ ಎಂದರೆ ಡಿಎನ್‌ಎಸ್ ಕೆಟ್ಟಿದೆ.

ಸಂಖ್ಯೆಯ ಜೊತೆ "ಟೈಮ್" ಎಂಬುದನ್ನೂ ನೋಡಿ. ಹತ್ತಿರದ ರೂಟರ್‌ಗೆ ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡು ಹಿಡಿಯುತ್ತದೆ. ಒಮ್ಮೆ 3, ಒಮ್ಮೆ 250, ನಡುವೆ "ರಿಕ್ವೆಸ್ಟ್ ಟೈಮ್ಡ್ ಔಟ್" ಎಂದು ಕುಣಿಯುತ್ತಿದ್ದರೆ ರೇಡಿಯೊ ಸಂಪರ್ಕವೇ ದುರ್ಬಲವಾಗಿದೆ.

ವೈಫೈ ಬಟನ್ನೇ ಕಾಣುವುದಿಲ್ಲ

ಮೊದಲು ಏರೋಪ್ಲೇನ್ ಮೋಡ್ ನೋಡಿ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಆಂಟೆನಾ ಅಥವಾ ವಿಮಾನದ ಚಿತ್ರವಿರುವ ಕೀಲಿ ಇರುತ್ತದೆ, ಕೆಲವು ಮಾದರಿಗಳಲ್ಲಿ ಎಫ್‌ಎನ್ ಜೊತೆಗೆ ಒತ್ತಬೇಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಪಕ್ಕದಲ್ಲೋ ಮುಂದಿನ ಅಂಚಿನಲ್ಲೋ ಸಣ್ಣ ಜಾರು ಸ್ವಿಚ್ ಇದ್ದು, ಚೀಲದೊಳಗೆ ಹಾಕುವಾಗ ಅದು ಸರಿದಿರುತ್ತದೆ. ಲಿನಕ್ಸ್‌ನಲ್ಲಿ "ಆರ್‌ಎಫ್‌ಕಿಲ್ ಲಿಸ್ಟ್" (rfkill list) ಕೊಟ್ಟರೆ ತಡೆ ಸಾಫ್ಟ್ ಬ್ಲಾಕೋ (ಸಾಫ್ಟ್‌ವೇರ್‌ನದು) ಹಾರ್ಡ್ ಬ್ಲಾಕೋ (ಸ್ವಿಚ್ಚಿನದು) ತಿಳಿಯುತ್ತದೆ. ಹಾರ್ಡ್ ಬ್ಲಾಕ್ ಎಂದಿದ್ದರೆ ಸ್ವಿಚ್ ಅಥವಾ ಕೀಲಿಯನ್ನೇ ಹುಡುಕಬೇಕು, ಆಜ್ಞೆಯಿಂದ ತೆರೆಯದು.

ಸ್ವಿಚ್ ಸರಿಯಿದ್ದರೆ ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆದು, "ನೆಟ್‌ವರ್ಕ್ ಅಡಾಪ್ಟರ್ಸ್" ಬಿಡಿಸಿ. ಮೂರು ಸ್ಥಿತಿಗಳಲ್ಲಿ ಒಂದು ಕಾಣುತ್ತದೆ.

ಕಾರ್ಡಿನ ಹೆಸರಿನ ಮೇಲೆ ಕೆಳಮುಖ ಬಾಣದ ಗುರುತಿದ್ದರೆ ಅದನ್ನು ಯಾರೋ ಡಿಸೇಬಲ್ ಮಾಡಿದ್ದಾರೆ. ಬಲ ಕ್ಲಿಕ್ ಮಾಡಿ ಎನೇಬಲ್ ಒತ್ತಿದರೆ ಮುಗಿಯಿತು. ಹಳದಿ ತ್ರಿಕೋನವಿದ್ದರೆ ಡಬಲ್ ಕ್ಲಿಕ್ ಮಾಡಿ ಒಳಗಿನ ಕೋಡ್ ಓದಿ. ಕೋಡ್ 10 ಎಂದರೆ ಸಾಧನ ಶುರುವಾಗಲಿಲ್ಲ ಎಂದು, ಹೆಚ್ಚಾಗಿ ಡ್ರೈವರ್ ಜಗಳ. ಕೋಡ್ 43 ಎಂದರೆ ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ ಎಂದು. ಮೂರನೆಯದು, ಪಟ್ಟಿಯಲ್ಲಿ ವೈಫೈ ಕಾರ್ಡಿನ ಹೆಸರೇ ಇಲ್ಲದಿರುವುದು.

ಕೋಡ್ 10, ಕೋಡ್ 43 ಅಥವಾ ಹೆಸರೇ ಇಲ್ಲದ ಸ್ಥಿತಿ, ಈ ಮೂರಕ್ಕೂ ಮೊದಲ ಮದ್ದು ಒಂದೇ: ಪೂರ್ತಿ ವಿದ್ಯುತ್ ಇಳಿಸುವುದು. ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಹೊರತೆಗೆಯಲು ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿಯಿರಿ. ಬಳಿಕ ಚಾರ್ಜರ್ ಹಾಕಿ ಆನ್ ಮಾಡಿ. ನಿದ್ರಾವಸ್ಥೆಯಲ್ಲಿ ಸಿಕ್ಕಿಹಾಕಿಕೊಂಡ ಕಾರ್ಡ್ ಇಷ್ಟರಿಂದಲೇ ಎದ್ದು ಕೂರುವುದುಂಟು. ಬರೀ ಶಟ್‌ಡೌನ್ ಮಾಡಿ ಆನ್ ಮಾಡಿದರೆ ಇದು ಆಗದು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಆನ್ ಇದ್ದಾಗ ಶಟ್‌ಡೌನ್ ವೇಳೆ ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮುಂದಿನ ಸಲ ಅದನ್ನೇ ಎತ್ತಿಕೊಳ್ಳುತ್ತದೆ, ಕೆಟ್ಟ ಸ್ಥಿತಿಯೂ ಹಾಗೇ ಮರಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ವೈಫೈ ತೊಂದರೆಗೆ ಯಾವಾಗಲೂ ರೀಸ್ಟಾರ್ಟ್ ಮಾಡಿ.

ಕಾರ್ಡ್ ಪಟ್ಟಿಯಲ್ಲಿ ಇದ್ದೂ ವೈಫೈ ಆನ್ ಆಗದಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ತೆರೆದು ವಿಂಡೋಸ್‌ನ ವೈಫೈ ನೋಡಿಕೊಳ್ಳುವ "ವ್ಲಾನ್ ಆಟೋಕಾನ್ಫಿಗ್" (WLAN AutoConfig) ಓಡುತ್ತಿದೆಯೇ, ಅದರ ಸ್ಟಾರ್ಟಪ್ ಟೈಪ್ ಆಟೋಮ್ಯಾಟಿಕ್ ಇದೆಯೇ ನೋಡಿ.

ಡ್ರೈವರ್ ವಿಷಯ

ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ವೈಫೈ ಕೆಟ್ಟಿದ್ದರೆ ಹೊಸ ಡ್ರೈವರ್ ಹುಡುಕುವ ಮೊದಲು ಹಳೆಯದಕ್ಕೆ ಮರಳಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ಅಲ್ಲಿ "ರೋಲ್ ಬ್ಯಾಕ್ ಡ್ರೈವರ್". ಆ ಬಟನ್ ಮಸುಕಾಗಿದ್ದರೆ ಹಳೆಯ ಪ್ರತಿ ಉಳಿದಿಲ್ಲ.

ಆಗ "ಅನ್‌ಇನ್‌ಸ್ಟಾಲ್ ಡಿವೈಸ್" ಕೊಟ್ಟು ರೀಸ್ಟಾರ್ಟ್ ಮಾಡಿ, ವಿಂಡೋಸ್ ಅದನ್ನು ಮತ್ತೆ ಗುರುತಿಸಿ ಡ್ರೈವರ್ ಹಾಕಿಕೊಳ್ಳುತ್ತದೆ. ಆದರೆ ಆ ಹೊತ್ತಿನಲ್ಲಿ ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸಬೇಕೇ ಎಂದು ಕೇಳುವ ಚೌಕಕ್ಕೆ ಟಿಕ್ ಹಾಕಬೇಡಿ. ಹೊಸ ಡ್ರೈವರ್ ಫೈಲ್ ಕೈಯಲ್ಲಿ ಇಲ್ಲದೆ ಅಳಿಸಿದರೆ, ವೈಫೈ ಇಲ್ಲದ ಲ್ಯಾಪ್‌ಟಾಪ್‌ಗೆ ವೈಫೈ ಡ್ರೈವರ್ ಇಳಿಸಿಕೊಳ್ಳಲು ವೈಫೈ ಬೇಕು ಎಂಬ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಹಾಗೆ ಸಿಕ್ಕಿಕೊಂಡವರಿಗೂ ದಾರಿಯಿದೆ: ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಸೇರಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸ್‌ನಲ್ಲಿ "ಯುಎಸ್‌ಬಿ ಟೆದರಿಂಗ್" ಆನ್ ಮಾಡಿದರೆ ನೆಟ್ ಕೇಬಲ್ ಮೂಲಕವೇ ಬರುತ್ತದೆ.

ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ಸೈಟಿನಿಂದ, ನಿಮ್ಮ ಮಾದರಿ ಸಂಖ್ಯೆ ಕೊಟ್ಟು ಪಡೆಯಿರಿ. ಕಾರ್ಡ್ ಇಂಟೆಲ್‌ನದಾದರೆ ಇಂಟೆಲ್ ಸೈಟ್ ಕೂಡ ಸರಿಯೇ. "ಎಲ್ಲ ಡ್ರೈವರ್‌ಗಳನ್ನೂ ತಾನೇ ಹಾಕಿಕೊಡುತ್ತೇನೆ" ಎನ್ನುವ ಮೂರನೆಯವರ ಸಾಫ್ಟ್‌ವೇರ್‌ಗಳ ಸಹವಾಸ ಬೇಡ.

ಫೋನಿಗೆ ಕಾಣುವ ಹೆಸರು ಲ್ಯಾಪ್‌ಟಾಪ್‌ಗೆ ಕಾಣದಿದ್ದರೆ

ಬೇರೆಯವರ ವೈಫೈ ಹೆಸರುಗಳು ಪಟ್ಟಿಯಲ್ಲಿ ಬರುತ್ತಿವೆ, ನಿಮ್ಮದು ಮಾತ್ರ ಇಲ್ಲ ಎಂದಾದರೆ ಕಾರ್ಡ್ ಚೆನ್ನಾಗಿದೆ, ರೂಟರ್ ಮಾತಾಡುವ ಭಾಷೆ ಅದಕ್ಕೆ ಬರುತ್ತಿಲ್ಲ. ಕಾರಣಗಳು ಕೆಲವೇ.

ವೈಫೈ ಓಡುವ ರೇಡಿಯೊ ಪಟ್ಟಿಗಳಿಗೆ ಬ್ಯಾಂಡ್ ಎನ್ನುತ್ತಾರೆ: 2.4, 5 ಮತ್ತು 6 ಗಿಗಾಹರ್ಟ್ಸ್. ಹಳೆಯ ಕಾರ್ಡುಗಳಲ್ಲಿ 2.4 ಗಿಗಾಹರ್ಟ್ಸ್ ಮಾತ್ರ ಇರುತ್ತದೆ. ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಹೆಸರು ಸಾರುತ್ತಿದ್ದರೆ ಅವಕ್ಕೆ ಕಾಣುವುದೇ ಇಲ್ಲ. 6 ಗಿಗಾಹರ್ಟ್ಸ್‌ಗೆ ವೈಫೈ 6ಇ ಅಥವಾ ವೈಫೈ 7 ಕಾರ್ಡ್ ಬೇಕು, ಜೊತೆಗೆ ವಿಂಡೋಸ್ 11 ಬೇಕು. ವಿಂಡೋಸ್ 10ರಲ್ಲಿ ಕಾರ್ಡ್ ಇದ್ದರೂ ಆ ಬ್ಯಾಂಡ್ ತೆರೆಯದು.

ಚಾನೆಲ್, ಅಂದರೆ ಬ್ಯಾಂಡಿನ ಒಳಗಿನ ಒಂದು ತುಂಡು, ಇನ್ನೊಂದು ಕಾರಣ. 2.4ರಲ್ಲಿ ರೂಟರ್ ತಾನಾಗಿ 12 ಅಥವಾ 13ನೇ ಚಾನೆಲ್‌ಗೆ ಹೋಗಿ ಕುಳಿತರೆ, ಅಮೆರಿಕದ ನಿಯಮಕ್ಕೆ ಹೊಂದಿಸಿದ ಲ್ಯಾಪ್‌ಟಾಪ್‌ಗಳು ಅಲ್ಲಿ ಹುಡುಕುವುದೇ ಇಲ್ಲ. ರೂಟರ್‌ನಲ್ಲಿ 1, 6, 11 ಇವುಗಳಲ್ಲಿ ಒಂದನ್ನು ಕೈಯಾರೆ ಹಾಕಿ. ಹಾಗೆಯೇ ವೈಫೈ 6 ರೂಟರ್ ತಂದ ದಿನದಿಂದಲೇ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹೆಸರು ಮಾಯವಾಗಿದ್ದರೆ ಅದು ಡ್ರೈವರ್‌ನ ಮಿತಿ. ಹಲವು ಹಳೆಯ ಇಂಟೆಲ್ ಕಾರ್ಡುಗಳ ಹಳೆಯ ಡ್ರೈವರ್‌ಗಳಿಗೆ 802.11ಎಎಕ್ಸ್ (ವೈಫೈ 6ರ ತಾಂತ್ರಿಕ ಹೆಸರು) ಜಾಲಗಳೇ ಕಾಣುತ್ತಿರಲಿಲ್ಲ, ಡ್ರೈವರ್ ಹೊಸದಾಗಿಸಿದರೆ ಕಾಣುತ್ತವೆ. ಹೊಸ ಡ್ರೈವರ್ ಸಿಗದಿದ್ದರೆ ರೂಟರ್‌ನಲ್ಲಿ 2.4ಕ್ಕೆ ಮಾತ್ರ ಎಎಕ್ಸ್ ಮೋಡ್ ಆಫ್ ಮಾಡಿ.

ಪಾಸ್‌ವರ್ಡ್ ಸರಿಯಿದ್ದರೂ ಸೇರಿಕೊಳ್ಳದು

ರೂಟರ್‌ನ ಪಾಸ್‌ವರ್ಡ್ ಬದಲಾಗಿ, ಲ್ಯಾಪ್‌ಟಾಪ್ ಮಾತ್ರ ಹಳೆಯದನ್ನೇ ನೆನಪಿಟ್ಟುಕೊಂಡಿರುವುದು ಬಹಳ ಸಾಮಾನ್ಯ. ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್, ವೈಫೈ, "ಮ್ಯಾನೇಜ್ ನೋನ್ ನೆಟ್‌ವರ್ಕ್ಸ್" ಹಾದಿಯಲ್ಲಿ ಹೋಗಿ ಆ ಹೆಸರಿನ ಎದುರು "ಫರ್ಗೆಟ್" ಒತ್ತಿ, ಹೊಸದಾಗಿ ಸೇರಿಸಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಕಣ್ಣಿನ ಚಿತ್ರ ಒತ್ತಿ ಅಕ್ಷರಗಳನ್ನು ಓದಿಕೊಳ್ಳಿ. ಕೀಬೋರ್ಡ್ ಕನ್ನಡಕ್ಕೆ ಹೊಂದಿಸಿದ್ದೇ ಕಾರಣವಾಗಿರುವುದೂ ಉಂಟು.

ಇದರಿಂದ ಆಗದಿದ್ದರೆ ರೂಟರ್‌ನ ಭದ್ರತೆಯ ಬಗೆ ನೋಡಿ. ಡಬ್ಲ್ಯುಪಿಎ3 ಮಾತ್ರ ಎಂದು ಇಟ್ಟಿದ್ದರೆ ಹಳೆಯ ಕಾರ್ಡುಗಳು ಸೇರಲಾರವು, ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಮಿಶ್ರ ಮೋಡ್ ಇಡಿ. ಮಿಶ್ರ ಮೋಡ್‌ನಲ್ಲೂ ತಡವರಿಸುವ ಕಾರ್ಡುಗಳಿಗೆ ಡಬ್ಲ್ಯುಪಿಎ2, ಎಇಎಸ್ ಎಂಬುದು ಸುರಕ್ಷಿತ ಆಯ್ಕೆ. ಟಿಕೆಐಪಿ ಎಂಬ ಹಳೆಯ ಬಗೆಯನ್ನು ಎಂದಿಗೂ ಇಡಬೇಡಿ. ಭದ್ರತೆ ದುರ್ಬಲವಾಗುವುದರ ಜೊತೆಗೆ ವೇಗವೂ 54 ಎಂಬಿಪಿಎಸ್‌ಗೆ ಇಳಿಯುತ್ತದೆ.

ಅನುಮತಿ ಪಡೆದ ಸಾಧನಗಳಿಗಷ್ಟೇ ಪ್ರವೇಶ ಕೊಡುವ ಮ್ಯಾಕ್ ಫಿಲ್ಟರ್ ರೂಟರ್‌ನಲ್ಲಿದ್ದರೆ (ಇಲ್ಲಿ ಮ್ಯಾಕ್ ಎಂದರೆ ಆಪಲ್ ಕಂಪ್ಯೂಟರ್ ಅಲ್ಲ, ವೈಫೈ ಕಾರ್ಡಿನ ಹಾರ್ಡ್‌ವೇರ್ ವಿಳಾಸ), ಲ್ಯಾಪ್‌ಟಾಪ್‌ನ "ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್" ಆಫ್ ಮಾಡಬೇಕು. ಇಲ್ಲದಿದ್ದರೆ ಪಟ್ಟಿಗೆ ಸೇರಿಸಿದ ವಿಳಾಸ ಒಂದು, ಲ್ಯಾಪ್‌ಟಾಪ್ ಹೇಳುವುದು ಇನ್ನೊಂದು.

ಕನೆಕ್ಟೆಡ್ ಎನ್ನುತ್ತದೆ, ಪುಟ ತೆರೆಯುವುದಿಲ್ಲ

"ಐಪಿಕಾನ್ಫಿಗ್" ಕೊಟ್ಟಾಗ ಐಪಿವಿ4 ವಿಳಾಸ 169.254 ರಿಂದ ಶುರುವಾಗಿದ್ದರೆ, ರೂಟರ್‌ನಿಂದ ವಿಳಾಸವೇ ಸಿಗದೆ ವಿಂಡೋಸ್ ತಾನೇ ಒಂದನ್ನು ಕಟ್ಟಿಕೊಂಡಿದೆ ಎಂದರ್ಥ. ಆ ವಿಳಾಸದಿಂದ ಹೊರಗೆ ಹೋಗಲಾಗದು. "ಐಪಿಕಾನ್ಫಿಗ್ /ರಿಲೀಸ್" (ipconfig /release), ಬಳಿಕ "ಐಪಿಕಾನ್ಫಿಗ್ /ರಿನ್ಯೂ" (ipconfig /renew) ಕೊಡಿ. ಆಗಲೂ ಅದೇ ಬಂದರೆ, ಮತ್ತು ಹೊಸದಾಗಿ ಸೇರಿಸಿದ ಬೇರೆ ಸಾಧನಗಳಿಗೂ ಹೀಗೇ ಆಗುತ್ತಿದ್ದರೆ, ವಿಳಾಸ ಹಂಚುವ ರೂಟರ್‌ನ ಸೌಲಭ್ಯವಾದ ಡಿಎಚ್‌ಸಿಪಿ ಆಫ್ ಆಗಿರಬೇಕು ಅಥವಾ ಅದು ಹಂಚಬಹುದಾದ ವಿಳಾಸಗಳು ಮುಗಿದಿರಬೇಕು. ಕೆಲವು ರೂಟರ್‌ಗಳಲ್ಲಿ ಈ ವ್ಯಾಪ್ತಿ ಬಹಳ ಚಿಕ್ಕದಾಗಿ ಇಟ್ಟಿರುತ್ತದೆ, ಅದನ್ನು ಹಿಗ್ಗಿಸಬಹುದು.

ಇದಕ್ಕೆ ತದ್ವಿರುದ್ಧದ ತೊಂದರೆಯೂ ಇದೆ. ಕಚೇರಿಯಲ್ಲಿ ಯಾರೋ ಲ್ಯಾಪ್‌ಟಾಪ್‌ಗೆ ಸ್ಥಿರ ಐಪಿ ಹಾಕಿರುತ್ತಾರೆ, ಮನೆಯ ರೂಟರ್‌ಗೆ ಅದು ಹೊಂದುವುದಿಲ್ಲ. ವೈಫೈ ಪ್ರಾಪರ್ಟೀಸ್‌ನಲ್ಲಿ "ಐಪಿ ಅಸೈನ್‌ಮೆಂಟ್" ಎಂಬುದು "ಆಟೋಮ್ಯಾಟಿಕ್ (ಡಿಎಚ್‌ಸಿಪಿ)" ಇರಲಿ.

ಡಿಎನ್‌ಎಸ್ ಕೆಟ್ಟಿದೆ ಎಂದು ಮೂರನೆಯ ಪಿಂಗ್ ಹೇಳಿದ್ದರೆ "ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್" (ipconfig /flushdns) ಕೊಟ್ಟು ನೋಡಿ. ಸಾಲದಿದ್ದರೆ ಅದೇ ಪ್ರಾಪರ್ಟೀಸ್ ಪುಟದ "ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್" ತಿದ್ದಿ 8.8.8.8 ಮತ್ತು 1.1.1.1 ಹಾಕಿ.

ಮೂರೂ ಪಿಂಗ್‌ಗಳಿಗೆ ಉತ್ತರ ಬಂದೂ ಬ್ರೌಸರ್ ಮಾತ್ರ ತೆರೆಯದಿದ್ದರೆ ರೇಡಿಯೊ ಕಡೆ ನೋಡುವುದು ವ್ಯರ್ಥ. ನೆಟ್ಟನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಇದ್ದರೆ ಆಫ್ ಮಾಡಿ, ಅದೇ ಬಗೆಯ ಮಧ್ಯವರ್ತಿ ಸರ್ವರ್ ಆದ ಪ್ರಾಕ್ಸಿ ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟದಲ್ಲಿ ಹಳೆಯದು ಉಳಿದಿದೆಯೇ ನೋಡಿ. ಗಡಿಯಾರವನ್ನೂ ನೋಡಿ: ದಿನಾಂಕ ವರ್ಷಗಳಷ್ಟು ಹಿಂದಿದ್ದರೆ ಸುರಕ್ಷಿತ ಸೈಟುಗಳ ಪ್ರಮಾಣಪತ್ರಗಳು ಬ್ರೌಸರ್‌ಗೆ ಒಪ್ಪಿಗೆಯಾಗವು, ಪ್ರತಿ ಪುಟವೂ ಎಚ್ಚರಿಕೆ ತೋರಿಸುತ್ತದೆ. ಆಫ್ ಮಾಡಿದಾಗಲೆಲ್ಲ ಗಡಿಯಾರ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಮುಗಿದಿರುವ ಸಾಧ್ಯತೆ ಹೆಚ್ಚು.

ಹೋಟೆಲು, ನಿಲ್ದಾಣಗಳ ಸಾರ್ವಜನಿಕ ವೈಫೈಯಲ್ಲಿ ಲಾಗಿನ್ ಪುಟ ಬಾರದಿದ್ದರೆ ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಅಲ್ಲದ, ಬರೀ ಎಚ್‌ಟಿಟಿಪಿ ವಿಳಾಸವೊಂದನ್ನು ತೆರೆಯಿರಿ. ಗೇಟ್‌ವೇ ಸಂಖ್ಯೆಯನ್ನೇ ಹಾಗೆ ಹಾಕಿದರೂ ಆದೀತು. ನೀವೇ ಕೈಯಾರೆ ಹಾಕಿದ ಡಿಎನ್‌ಎಸ್ ಕೂಡ ಈ ಪುಟವನ್ನು ತಡೆಯಬಲ್ಲದು, ಲಾಗಿನ್ ಆಗುವವರೆಗೆ ಅದನ್ನು ಆಟೋಮ್ಯಾಟಿಕ್‌ಗೆ ಮರಳಿಸಿ.

ಆಗಾಗ ಕಡಿದುಹೋಗುವ ಕಾಟ

ಇದೇ ಎಲ್ಲಕ್ಕಿಂತ ತಲೆನೋವಿನದು, ಏಕೆಂದರೆ ಪರೀಕ್ಷೆ ಮಾಡುವ ಹೊತ್ತಿಗೆ ಎಲ್ಲ ಸರಿಯಿರುತ್ತದೆ. ಆದ್ದರಿಂದ ಊಹೆಯ ಬದಲು ದಾಖಲೆ ನೋಡಿ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು "ನೆಟ್‌ಎಸ್‌ಎಚ್ ವ್ಲಾನ್ ಶೋ ವ್ಲಾನ್‌ರಿಪೋರ್ಟ್" (netsh wlan show wlanreport) ಎಂಬ ಆಜ್ಞೆ ಕೊಟ್ಟರೆ ವಿಂಡೋಸ್ ಕಳೆದ ಮೂರು ದಿನಗಳ ವೈಫೈ ಚರಿತ್ರೆಯನ್ನು ಒಂದು ಎಚ್‌ಟಿಎಂಎಲ್ ಪುಟವಾಗಿ ಬರೆದು, ಅದು ಎಲ್ಲಿದೆ ಎಂದು ಪರದೆಯಲ್ಲೇ ಹೇಳುತ್ತದೆ. ಅದರಲ್ಲಿ ಪ್ರತಿ ಸಲ ಯಾಕೆ ಕಡಿಯಿತು ಎಂಬ ಕಾರಣ ಇರುತ್ತದೆ: ಬಳಕೆದಾರರೇ ಬಿಡಿಸಿದ್ದು, ರೂಟರ್ ಹೊರಹಾಕಿದ್ದು, ಡ್ರೈವರ್ ಬಿಟ್ಟುಕೊಟ್ಟದ್ದು, ನಿದ್ರೆಗೆ ಹೋದದ್ದು. ಕಡಿದ ಸಮಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಹಲವು ಸಲ ಅಲ್ಲೇ ಸುಳಿವು ಸಿಗುತ್ತದೆ.

ಬ್ಯಾಟರಿಯಲ್ಲಿ ಓಡುವಾಗ ಅಥವಾ ನಿದ್ರೆಯಿಂದ ಎದ್ದ ಮೇಲೆ ಮಾತ್ರ ಕಡಿಯುತ್ತಿದ್ದರೆ ವಿದ್ಯುತ್ ಉಳಿತಾಯದ್ದೇ ಕೈವಾಡ. ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ "ಪವರ್ ಮ್ಯಾನೇಜ್‌ಮೆಂಟ್" ಟ್ಯಾಬ್‌ಗೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಕೊಡುವ ಟಿಕ್ ತೆಗೆಯಿರಿ. ಹೊಸ ಲ್ಯಾಪ್‌ಟಾಪ್‌ಗಳು ಕೆಲವದರಲ್ಲಿ ಈ ಟ್ಯಾಬ್ ಇರುವುದಿಲ್ಲ, ಅಲ್ಲಿ ಡ್ರೈವರ್ ಹೊಸದಾಗಿಸುವುದೇ ಉಪಾಯ.

5 ಗಿಗಾಹರ್ಟ್ಸ್‌ನಲ್ಲಿ ದಿನಕ್ಕೆ ಒಂದೆರಡು ಸಲ ಒಂದು ನಿಮಿಷದ ಮಟ್ಟಿಗೆ ಎಲ್ಲ ಸಾಧನಗಳೂ ಒಟ್ಟಿಗೆ ಕಡಿದುಹೋಗುತ್ತಿದ್ದರೆ ರೂಟರ್‌ನ ಚಾನೆಲ್ ಸಂಖ್ಯೆ ನೋಡಿ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹಲವು ದೇಶಗಳಲ್ಲಿ ಹವಾಮಾನ ರೇಡಾರ್ ಮುಂತಾದವುಗಳ ಜೊತೆ ಹಂಚಿಕೊಳ್ಳಬೇಕು. ರೇಡಾರ್ ಸದ್ದು ಕೇಳಿದರೆ ರೂಟರ್ ಆ ಚಾನೆಲ್ ಬಿಟ್ಟು ಹೋಗಲೇಬೇಕು, ಅಂಥದ್ದೇ ಇನ್ನೊಂದು ಚಾನೆಲ್ ಹಿಡಿಯುವ ಮೊದಲು ಕನಿಷ್ಠ 60 ಸೆಕೆಂಡು ಆಲಿಸಬೇಕು. 36, 40, 44, 48 ಇವುಗಳಲ್ಲಿ ಒಂದನ್ನು ಹಾಕಿದರೆ ಈ ತಾಪತ್ರಯವಿಲ್ಲ.

2.4ರಲ್ಲಿ ಮಾತ್ರ ಕಡಿಯುತ್ತಿದ್ದರೆ ಸುತ್ತಲಿನ ಸಾಧನಗಳ ಮೇಲೆ ಗಮನವಿಡಿ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್ ಸುತ್ತಲೇ. ಬ್ಲೂಟೂತ್ ಇರುವುದೂ ಅಲ್ಲೇ. ಹೆಚ್ಚು ಜನಕ್ಕೆ ಗೊತ್ತಿಲ್ಲದ ತಂಟೆಕೋರ ಎಂದರೆ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಮತ್ತು ಹಬ್‌ಗಳು. ಡೇಟಾ ಓಡುವಾಗ ಇವುಗಳ ಕೇಬಲ್ ಮತ್ತು ಕನೆಕ್ಟರ್‌ನಿಂದ 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲೇ ರೇಡಿಯೊ ಗದ್ದಲ ಸೋರುತ್ತದೆ. ದೊಡ್ಡ ಫೈಲ್ ನಕಲು ಮಾಡುವಾಗಲೇ ವೈಫೈ ಸಾಯುತ್ತಿದ್ದರೆ ಡಿಸ್ಕನ್ನು ಉದ್ದ ಕೇಬಲ್‌ನಿಂದ ದೂರ ಇಡಿ, ಅಥವಾ 5 ಗಿಗಾಹರ್ಟ್ಸ್‌ಗೆ ಹೋಗಿ.

ಕಡಿಯುವುದಿಲ್ಲ, ಆದರೆ ನಿಧಾನ

"ನೆಟ್‌ಎಸ್‌ಎಚ್ ವ್ಲಾನ್ ಶೋ ಇಂಟರ್‌ಫೇಸಸ್" (netsh wlan show interfaces) ಆಜ್ಞೆ ಸಿಗ್ನಲ್‌ನ ಶೇಕಡಾ, ಚಾನೆಲ್, ಸಂಪರ್ಕದ ವೇಗ ಎಲ್ಲವನ್ನೂ ತೋರಿಸುತ್ತದೆ. ಶೇ. 66 ಎಂದರೆ ಸುಮಾರು ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ವಿಡಿಯೊ ಕರೆ ತಡೆಯಿಲ್ಲದೆ ನಡೆಯಲು ಅಷ್ಟಾದರೂ ಬೇಕು. ಶೇ. 40ಕ್ಕೆ ಇಳಿದರೆ, ಅಂದರೆ ಮೈನಸ್ 80ರ ಹತ್ತಿರ, ಕೆಲಸ ಕುಂಟುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್ ಕೀಲಿ ಒತ್ತಿಕೊಂಡು ವೈಫೈ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಈ ಡಿಬಿಎಂ ಸಂಖ್ಯೆ ನೇರವಾಗಿ ಕಾಣುತ್ತದೆ.

ಸಿಗ್ನಲ್ ಶೇ. 90 ಇದ್ದೂ ವೇಗ 72 ಎಂಬಿಪಿಎಸ್ ಎಂದು ನಿಂತಿದ್ದರೆ ಲ್ಯಾಪ್‌ಟಾಪ್ 2.4ರಲ್ಲಿ ಒಂದೇ ಆಂಟೆನಾದ ಮೇಲೆ ಓಡುತ್ತಿದೆ. ಎರಡು ಆಂಟೆನಾದ ವೈಫೈ 5 ಕಾರ್ಡ್ 80 ಮೆಗಾಹರ್ಟ್ಸ್ ಅಗಲದಲ್ಲಿ 866 ತೋರಿಸಬೇಕು. ರೂಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರು ಕೊಟ್ಟಿದ್ದರೆ ಬೇರೆ ಬೇರೆ ಹೆಸರು ಕೊಡಿ, ಅಥವಾ ಕಾರ್ಡಿನ ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ "ಪ್ರಿಫರ್ಡ್ ಬ್ಯಾಂಡ್" ಎಂಬುದನ್ನು 5 ಗಿಗಾಹರ್ಟ್ಸ್‌ಗೆ ಹೊಂದಿಸಿ. ಗೋಡೆ ಎರಡು ಮೂರು ದಾಟಬೇಕಾದ ಕೋಣೆಯಲ್ಲಿ ಮಾತ್ರ 2.4 ಮೇಲು. ಅಲ್ಲೂ ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ, ನೆರೆಯ ರೂಟರ್‌ಗಳ ನಡುವೆ 40 ಇಟ್ಟರೆ ಗದ್ದಲವೇ ಹೆಚ್ಚು.

ರೂಟರನ್ನು ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ಟಿವಿಯ ಹಿಂಬದಿ ಇವುಗಳಿಂದ ಬಿಡಿಸಿ ಎತ್ತರದಲ್ಲಿಡಿ.

ನೆಟ್‌ವರ್ಕ್ ರೀಸೆಟ್, ಮತ್ತು ಕಾರ್ಡ್ ಬದಲಿಸುವುದು

ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ "ನೆಟ್‌ವರ್ಕ್ ರೀಸೆಟ್" ಎಲ್ಲ ಅಡಾಪ್ಟರ್‌ಗಳನ್ನೂ ತೆಗೆದು ಮತ್ತೆ ಹಾಕುತ್ತದೆ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ವಿಪಿಎನ್ ಸಾಫ್ಟ್‌ವೇರನ್ನು ಮತ್ತೆ ಹೊಂದಿಸಬೇಕಾಗಬಹುದು. ಪಾಸ್‌ವರ್ಡ್‌ಗಳನ್ನು ಬರೆದಿಟ್ಟುಕೊಂಡೇ ಇದಕ್ಕೆ ಕೈಹಾಕಿ.

ಇದಾದ ಮೇಲೂ ಕಾರ್ಡ್ ಕಾಣದಿದ್ದರೆ, ಅಥವಾ ರೂಟರ್ ಪಕ್ಕದಲ್ಲಿ ಕುಳಿತರೂ ಸಿಗ್ನಲ್ ಒಂದೇ ಗೆರೆ ಎಂದಾದರೆ, ಸಮಸ್ಯೆ ಯಂತ್ರದ್ದು. ಎರಡನೆಯ ಲಕ್ಷಣಕ್ಕೆ ಬಹುಪಾಲು ಕಾರಣ ಕಳಚಿದ ಆಂಟೆನಾ ತಂತಿ, ಅದರಲ್ಲೂ ಇತ್ತೀಚೆಗೆ ಲ್ಯಾಪ್‌ಟಾಪ್ ಬಿಚ್ಚಿಸಿದ್ದರೆ. ವಾರಂಟಿ ಇದ್ದರೆ ನೀವು ಬಿಚ್ಚಬೇಡಿ.

ಬಿಚ್ಚುವುದಾದರೆ ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರ್ ಮೊದಲು ಬಿಡಿಸಿ. ಈಚಿನ ಲ್ಯಾಪ್‌ಟಾಪ್‌ಗಳ ಕಾರ್ಡ್ ಸಾಮಾನ್ಯವಾಗಿ ಎಂ.2 2230 ಅಳತೆಯದು, ಅಂದರೆ 22 ಮಿ.ಮೀ. ಅಗಲ, 30 ಮಿ.ಮೀ. ಉದ್ದ, ಒಂದೇ ಸ್ಕ್ರೂ. ಅದರ ಮೇಲೆ ಕೂತ ಎರಡು ಸಣ್ಣ ಆಂಟೆನಾ ಕನೆಕ್ಟರ್‌ಗಳನ್ನು ತಂತಿ ಹಿಡಿದು ಎಳೆಯದೆ ನೇರ ಮೇಲಕ್ಕೆ ಎತ್ತಿ, ಹಾಕುವಾಗ ನೇರ ಕೆಳಕ್ಕೆ ಒತ್ತಿ. ಸಣ್ಣ ಟಕ್ ಸದ್ದು ಬರಬೇಕು. ಇವು ಪದೇಪದೇ ತೆಗೆದು ಹಾಕಲು ಮಾಡಿದವಲ್ಲ, ಓರೆಯಾಗಿ ಒತ್ತಿದರೆ ಚಪ್ಪಟೆಯಾಗುತ್ತವೆ.

ಹೊಸ ಕಾರ್ಡ್ ಕೊಳ್ಳುವಾಗ ಅಕ್ಷರ ಸಂಖ್ಯೆ ಎಚ್ಚರದಿಂದ ಓದಿ. ಇಂಟೆಲ್ ಎಎಕ್ಸ್200, ಎಎಕ್ಸ್210 ಸಾಮಾನ್ಯ ಪಿಸಿಐಇ ಕಾರ್ಡುಗಳು. ಎಎಕ್ಸ್201, ಎಎಕ್ಸ್211 ನೋಡಲು ಹಾಗೇ ಇದ್ದು, ಅದೇ ಸ್ಲಾಟಿಗೆ ಕೂತರೂ, ಕೆಲಸದ ಒಂದು ಭಾಗವನ್ನು ಇಂಟೆಲ್ ಚಿಪ್‌ಗೆ ಬಿಟ್ಟಿರುತ್ತವೆ, ಆದ್ದರಿಂದ ಆ ಸೌಲಭ್ಯವಿರುವ ಇಂಟೆಲ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ಎಎಂಡಿ ಲ್ಯಾಪ್‌ಟಾಪ್‌ಗೆ ಹಾಕಿದರೆ ಕಾರ್ಡ್ ಪತ್ತೆಯೇ ಆಗದು. ಕೆಲವು ಹಳೆಯ ಮಾದರಿಗಳ ಬಯೋಸ್ (ಯಂತ್ರವನ್ನು ಶುರುಮಾಡುವ ಮೂಲ ಸಾಫ್ಟ್‌ವೇರ್) ತಾನು ಒಪ್ಪಿದ ಕಾರ್ಡುಗಳನ್ನು ಬಿಟ್ಟು ಬೇರೆಯದನ್ನು ಹಾಕಿದರೆ ಶುರುವಾಗಲೂ ಬಿಡುವುದಿಲ್ಲ. ಇಂಥ ಯಂತ್ರಗಳಿಗೂ, ಕಾರ್ಡನ್ನು ಬೋರ್ಡಿಗೇ ಬೆಸೆದ ತೆಳು ಲ್ಯಾಪ್‌ಟಾಪ್‌ಗಳಿಗೂ ಯುಎಸ್‌ಬಿ ವೈಫೈ ಅಡಾಪ್ಟರ್ ಸುಲಭದ ದಾರಿ. ಹೆಬ್ಬೆರಳು ಗಾತ್ರದ್ದಕ್ಕಿಂತ ಹೊರ ಆಂಟೆನಾ ಇರುವ, ಎರಡೂ ಬ್ಯಾಂಡ್ ಹಿಡಿಯುವ ಅಡಾಪ್ಟರ್ ಕೊಳ್ಳಿ. ಅದನ್ನು ಅರ್ಧ ಮೀಟರ್ ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ನಿಂದ ತುಸು ದೂರ ಇಟ್ಟು, ಡಿವೈಸ್ ಮ್ಯಾನೇಜರ್‌ನಲ್ಲಿ ಹಳೆಯ ಒಳ ಕಾರ್ಡ್ ಇನ್ನೂ ಕಾಣುತ್ತಿದ್ದರೆ ಅದನ್ನು ಡಿಸೇಬಲ್ ಮಾಡಿಬಿಡಿ. ಇಲ್ಲದಿದ್ದರೆ ವಿಂಡೋಸ್ ಎರಡರ ನಡುವೆ ಹೊಯ್ದಾಡುತ್ತದೆ.